ಗಂಡನದೊಂದು ಪಾಸ್‌ಪೋರ್ಟ್, ಹೆಂಡತಿಯದೊಂದು ಪಾಸ್‌ಪೋರ್ಟ್: ವೀಸಾ ದಾರಿಗಳ ಬಗ್ಗೆ ಒಂದಿಷ್ಟು ಮಾಹಿತಿ

ಪೋರ್ಟರ್ ರ್ಯಾಂಚ್: ನಮ್ಮವರ ಮದುವೆಗಳ ಚಹರೆ ಬದಲಾಗಿ ಬಹಳ ದಿನವಾಯಿತು. ಒಂದು ಕಾಲಕ್ಕೆ ಇಲ್ಲಿನ ಹುಡುಗ ಮೂರು ವಾರ ರಜೆ ಹಾಕಿ ಊರಿಗೆ ಹೋಗಿ, ಹುಡುಗಿ ನೋಡಿ, ತಾಳಿ ಕಟ್ಟಿ, ಚೆನ್ನೈಗೆ ಓಡಿ ಎಚ್-4 ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದ. ಇಬ್ಬರದ್ದೂ ಒಂದೇ ದೇಶದ ಪಾಸ್‌ಪೋರ್ಟ್, ಒಂದೇ ಸಾಲು. ಈಗ ಪೋರ್ಟರ್ ರ್ಯಾಂಚಿನಿಂದ ಸ್ಯಾನ್ ಡಿಯಾಗೊವರೆಗೆ ನಮ್ಮ ಮನೆಗಳಿಗೆ ಫಿಲಿಪೀನ್ಸಿನ ಸೊಸೆ ಬರುತ್ತಾಳೆ, ಮೆಕ್ಸಿಕೋದ ಅಳಿಯ ಬರುತ್ತಾನೆ. ದುಬೈನಲ್ಲಿ ಹುಟ್ಟಿ ಬೆಳೆದ ಮಂಗಳೂರಿನ ಹುಡುಗಿಗೂ ಟೊರಾಂಟೋ ಪಾಸ್‌ಪೋರ್ಟಿನ ಮೈಸೂರಿನ ಹುಡುಗನಿಗೂ ಗಂಟು ಬೀಳುತ್ತದೆ. ಸಂತೋಷವೇ. ಆದರೆ ಊಟದ ಪಂಕ್ತಿ ಮುಗಿದ ಮೇಲೆ ಹಿರಿಯರು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: "ಇಬ್ಬರೂ ಒಟ್ಟಿಗೆ ಎಲ್ಲಿ ಇರೋದು?"

ಈ ಪ್ರಶ್ನೆಗೆ "ಮದುವೆ ಆಗಿದೆಯಲ್ಲ, ಇನ್ನೇನು" ಎಂಬ ಉತ್ತರ ಸಾಲದು. ಅರ್ಜಿ ಬರೆಯುವ ಮೊದಲು ದಂಪತಿಗಳು ಕೂತು ಮೂರು ವಿಷಯ ಬರೆದಿಟ್ಟುಕೊಳ್ಳಬೇಕು. ಯಾರ ಪಾಸ್‌ಪೋರ್ಟ್ ಯಾವ ದೇಶದ್ದು, ಯಾರು ಹುಟ್ಟಿದ್ದು ಯಾವ ದೇಶದಲ್ಲಿ, ಮತ್ತು ಮುಖ್ಯ ಅರ್ಜಿದಾರರಾಗಿ ಯಾರ ಹೆಸರು ಮುಂದೆ ಹೋಗಬೇಕು. ನಮ್ಮವರಲ್ಲಿ ಯೋಚನೆ ಮಾಡದೆ ಗಂಡನ ಹೆಸರೇ ಮುಂದೆ ಹೋಗಿಬಿಡುತ್ತದೆ. ಎಷ್ಟೋ ಸಲ ದಾರಿ ಹೆಂಡತಿಯ ಕಡೆಯಿಂದ ಸಲೀಸಾಗಿರುತ್ತದೆ.

ಲಾಸ್ ಏಂಜಲಿಸ್‌ನದೇ ಒಂದು ಪ್ರಕರಣ

ಮದುವೆಯೊಂದೇ ಸಾಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸಾಂಡ್ರಾ ಮುನ್ಯೋಸ್ ಲಾಸ್ ಏಂಜಲಿಸ್‌ನ ವಕೀಲೆ, ಅಮೆರಿಕದ ಪ್ರಜೆ. 2010ರಲ್ಲಿ ಎಲ್ ಸಾಲ್ವಡಾರ್ ದೇಶದ ಲೂಯಿಸ್ ಅಸೆನ್ಸಿಯೋ-ಕೊರ್ಡೆರೋ ಅವರನ್ನು ಮದುವೆಯಾದರು. ಪತಿ ಹಿಂದೆ ಗಡಿಯಲ್ಲಿ ತಪಾಸಣೆ ಇಲ್ಲದೆ ಒಳಬಂದವರಾದ್ದರಿಂದ ಇಲ್ಲೇ ಕೂತು ಗ್ರೀನ್ ಕಾರ್ಡ್ ಪಡೆಯುವಂತಿರಲಿಲ್ಲ, ತಾಯ್ನಾಡಿನ ಕಾನ್ಸುಲೇಟಿಗೆ ಹೋಗಬೇಕಿತ್ತು. ಹೆಂಡತಿ ಅರ್ಜಿ ಹಾಕಿ, ಮಾಫಿ ಮಂಜೂರಾಗಿ, 2015ರಲ್ಲಿ ಅವರು ಸ್ಯಾನ್ ಸಾಲ್ವಡಾರ್‌ಗೆ ಸಂದರ್ಶನಕ್ಕೆ ಹೋದರು. ವೀಸಾ ಸಿಗಲಿಲ್ಲ. ಮೈಮೇಲಿನ ಹಚ್ಚೆಗಳನ್ನು ನೋಡಿ ಎಂಎಸ್-13 ಎಂಬ ಗ್ಯಾಂಗಿನವರಿರಬಹುದೆಂಬ ಅನುಮಾನ. ಕಾರಣ ಇದೆಂದು ದಂಪತಿಗಳಿಗೆ ಸರಿಯಾಗಿ ಗೊತ್ತಾದದ್ದು ಸುಮಾರು ಮೂರು ವರ್ಷದ ಮೇಲೆ, ಅದೂ ಕೋರ್ಟಿಗೆ ಹೋದ ಮೇಲೆ. ಹಚ್ಚೆಗಳಲ್ಲಿ ಗ್ವಾಡಲೂಪೆ ಮಾತೆ ಇದ್ದಳು, ಮನಶ್ಶಾಸ್ತ್ರಜ್ಞ ಫ್ರಾಯ್ಡ್ ಕೂಡ ಇದ್ದ! ಅವು ಗ್ಯಾಂಗಿನ ಗುರುತಲ್ಲವೆಂದು ತಜ್ಞರೊಬ್ಬರು ಬರೆದುಕೊಟ್ಟಿದ್ದರು.

2024ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಿದೇಶಿ ಸಂಗಾತಿಯನ್ನು ದೇಶದೊಳಗೆ ಬಿಡಿಸಿಕೊಳ್ಳುವುದು ಅಮೆರಿಕದ ಪ್ರಜೆಯ ಸಂವಿಧಾನದತ್ತ ಮೂಲಭೂತ ಹಕ್ಕಲ್ಲ ಎಂಬುದು ಬಹುಮತದ ಅಭಿಪ್ರಾಯ. ಕಾನ್ಸುಲೇಟಿನ ಅಧಿಕಾರಿ ಇಲ್ಲವೆಂದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಕೋರ್ಟಿನಲ್ಲಿ ಅದನ್ನು ಪ್ರಶ್ನಿಸಲಾಗದು ಎಂಬ ಹಳೆಯ ತತ್ವ ಇದರಿಂದ ಇನ್ನಷ್ಟು ಗಟ್ಟಿಯಾಯಿತು. ನಾವು ಈ ಕಥೆ ಹೇಳುವುದು ಹೆದರಿಸಲಿಕ್ಕಲ್ಲ. ದೇಶದ ಒಳಗಿದ್ದು ಅರ್ಜಿ ಹಾಕುವುದಕ್ಕೂ, ಹೊರಗೆ ಹೋಗಿ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಲ್ಲುವುದಕ್ಕೂ ಕಾನೂನಿನ ಕಣ್ಣಲ್ಲಿ ಇಷ್ಟು ಅಂತರವಿದೆ. ಒಳಗೆ ತಿರಸ್ಕೃತವಾದ ಅರ್ಜಿಯನ್ನು ಮುಂದೆ ವಲಸೆ ನ್ಯಾಯಾಧೀಶರ ಮುಂದೆ ಇಡುವ ಅವಕಾಶವಾದರೂ ಇರಬಹುದು.

ಹಾಗೆಂದು ಒಳಗಿರುವುದೇ ಪೂರಾ ಕ್ಷೇಮ ಎಂದೂ ತಿಳಿಯಬೇಡಿ. ವೀಸಾದ ಮೇಲೆ ಕ್ರಮವಾಗಿ ಬಂದು, ಆಮೇಲೆ ಅವಧಿ ಮೀರಿದವರೂ ಅಮೆರಿಕದ ಪ್ರಜೆಯ ಪತಿ ಅಥವಾ ಪತ್ನಿಯಾಗಿದ್ದರೆ ಇಲ್ಲೇ ಗ್ರೀನ್ ಕಾರ್ಡ್ ಪಡೆಯಲು ಕಾನೂನು ಎಡೆ ಕೊಡುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೊದ ವಲಸೆ ಕಚೇರಿಗೆ ಗ್ರೀನ್ ಕಾರ್ಡ್ ಸಂದರ್ಶನಕ್ಕೆಂದು ಹೋದ ಇಂಥ ಕೆಲವರನ್ನು ಅಲ್ಲೇ ಬಂಧಿಸಲಾಯಿತು. ಆದ್ದರಿಂದ ಐ-94 ದಿನಾಂಕ ಒಂದು ದಿನವಾದರೂ ಮೀರಿದ್ದರೆ ವಕೀಲರಿಲ್ಲದೆ ಸಂದರ್ಶನಕ್ಕೆ ಹೋಗಬೇಡಿ. 180 ದಿನ ಮೀರಿ ನಿಂತು ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ಮೀರಿದ್ದರೆ 10 ವರ್ಷ ವಾಪಸು ಬರುವಂತಿಲ್ಲ. "ಅಜ್ಜಿಗೆ ಹುಷಾರಿಲ್ಲ, ಒಂದು ವಾರ ಹೋಗಿ ಬರ್ತೀನಿ" ಎಂದು ಹೊರಟರೆ ಈ ಗಡಿಯಾರ ಆಗ ಕಚ್ಚುತ್ತದೆ.

ನೂರು ವರ್ಷದ ಹಿಂದಿನ ಮಾತು

ಈ ತಾಪತ್ರಯ ದಕ್ಷಿಣ ಕ್ಯಾಲಿಫೋರ್ನಿಯಕ್ಕೆ ಹೊಸದಲ್ಲ. ಸ್ಯಾನ್ ಡಿಯಾಗೊದ ಪೂರ್ವಕ್ಕಿರುವ ಇಂಪೀರಿಯಲ್ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಪಂಜಾಬಿನ ರೈತರು ಬಂದು ನೆಲೆಸಿದರು. ಊರಿಂದ ಹೆಂಡತಿಯರನ್ನು ಕರೆಸಿಕೊಳ್ಳಲು ವಲಸೆ ಕಾನೂನು ಬಿಡದ್ದರಿಂದ ಅನೇಕರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಮನೆಯಲ್ಲಿ ರೋಟಿಯೂ ಟೋರ್ಟಿಯಾವೂ ಒಂದೇ ಹೆಂಚಿನ ಮೇಲೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. 1922ರ ಕೇಬಲ್ ಕಾಯ್ದೆಯ ಪ್ರಕಾರ ಪೌರತ್ವಕ್ಕೆ ಅರ್ಹನಲ್ಲದ ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು, ಅದು ತಿದ್ದುಪಡಿಯಾದದ್ದು 1931ರಲ್ಲಿ. ಆ ನಡುವೆ, 1928ರಲ್ಲಿ, ಪಂಜಾಬಿನ ದಲೀಪ್ ಸಿಂಗ್ ಸೌಂದ್ ಮತ್ತು ಮೇರಿಯನ್ ಕೋಸಾ ಮದುವೆಯಾದರು. 1946ರ ಲೂಸ್-ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ವರ್ಷಕ್ಕೆ 100 ಜನ ವಲಸೆ ಬರಬಹುದೆಂಬ ಜುಜುಬಿ ಕೋಟಾ ಬೇರೆ! ಸೌಂದ್ 1949ರಲ್ಲಿ ಪ್ರಜೆಯಾಗಿ 1956ರಲ್ಲಿ ಅಮೆರಿಕ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಸ್ಯಾನ್ ಡಿಯಾಗೊ ಕಡೆ 15ನೇ ಹೆದ್ದಾರಿಯಲ್ಲಿ ಹೋಗುವಾಗ ಟೆಮೆಕ್ಯುಲಾದಲ್ಲಿ ಇಳಿದರೆ ಅಲ್ಲಿನ ಅಂಚೆ ಕಚೇರಿಗೆ ಅವರ ಹೆಸರಿಟ್ಟಿರುವುದನ್ನು ನೋಡಬಹುದು.

ಮದುವೆಯ ಕಾಗದ ಮೊದಲು

ಕ್ಯಾಲಿಫೋರ್ನಿಯದಲ್ಲಿ ಮದುವೆಯಾಗಲು ಪ್ರಜೆಯಾಗಿರಬೇಕಿಲ್ಲ, ಇಲ್ಲಿನ ನಿವಾಸಿಯೂ ಆಗಿರಬೇಕಿಲ್ಲ. ಕೌಂಟಿ ಕ್ಲರ್ಕ್ ಕಚೇರಿಯಿಂದ ಲೈಸೆನ್ಸ್ ಪಡೆದು 90 ದಿನದೊಳಗೆ ಮದುವೆಯಾಗಬೇಕು. ಮಾಲಿಬು ದೇವಸ್ಥಾನದಲ್ಲಿ ಸಪ್ತಪದಿ ತುಳಿದು, ಲೈಸೆನ್ಸ್ ಮಾತ್ರ ತೆಗೆಸದೇ ಇದ್ದರೆ ವಲಸೆ ಇಲಾಖೆಯ ಲೆಕ್ಕದಲ್ಲಿ ನೀವಿನ್ನೂ ಬ್ರಹ್ಮಚಾರಿಗಳೇ.

ಕರ್ನಾಟಕದಲ್ಲಿ ಮದುವೆಯಾಗುವುದಾದರೆ, ಇಬ್ಬರೂ ಹಿಂದೂಗಳಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಅದಕ್ಕೆ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟೀಸ್ ಕೊಡಬೇಕು, ಆಮೇಲೆ ಮತ್ತೆ 30 ದಿನ ಆಕ್ಷೇಪಣೆಗೆ ಕಾಯಬೇಕು. ಎರಡು ವಾರದ ರಜೆಯಲ್ಲಿ ಇದು ಆಗುವ ಕೆಲಸವಲ್ಲ. ಇಲ್ಲಿ ಕಾನೂನು ಪ್ರಕಾರ ಮದುವೆಯಾಗಿ ಅಲ್ಲಿ ಶಾಸ್ತ್ರ ಮಾಡಿಕೊಳ್ಳುವುದೇ ವಾಸಿ ಎಂಬುದು ನಮ್ಮ ಅನಿಸಿಕೆ.

ಒಬ್ಬರು ಅಮೆರಿಕದ ಪ್ರಜೆಯಾಗಿದ್ದರೆ

ಇದು ಎಲ್ಲಕ್ಕಿಂತ ನೇರ ದಾರಿ. ಪ್ರಜೆಯ ಪತಿ-ಪತ್ನಿಗೆ ವಾರ್ಷಿಕ ಮಿತಿಯೇ ಇಲ್ಲ, ಯಾವ ದೇಶದವರಾದರೂ ಸಾಲಿನಲ್ಲಿ ನಿಲ್ಲಬೇಕಿಲ್ಲ. ಐ-130 ಅರ್ಜಿ. ಸಂಗಾತಿ ಇಲ್ಲೇ ಇದ್ದರೆ ಅದರ ಜೊತೆಗೇ ಐ-485. ಪೋರ್ಟರ್ ರ್ಯಾಂಚಿನವರಿಗೆ ಚಾಟ್ಸ್‌ವರ್ತ್‌ನಲ್ಲೇ ವಲಸೆ ಇಲಾಖೆಯ ಕಚೇರಿ ಇರುವುದು ಒಂದು ಅನುಕೂಲ. ಸಂಗಾತಿ ಭಾರತದಲ್ಲಿದ್ದರೆ ಸಂದರ್ಶನ ಮುಂಬಯಿಯಲ್ಲಿ.

ಗ್ರೀನ್ ಕಾರ್ಡ್ ಸಿಗುವ ದಿನ ಮದುವೆಗೆ ಎರಡು ವರ್ಷ ತುಂಬಿಲ್ಲದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಹಿಂದಿನ 90 ದಿನದೊಳಗೆ ಐ-751 ಹಾಕಬೇಕು. ಮರೆತವರಿದ್ದಾರೆ, ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಇನ್ನು ಐ-864 ಎಂಬ ಜಾಮೀನು ಪತ್ರ. ಬಡತನ ರೇಖೆಯ 125 ಪ್ರತಿಶತ ಆದಾಯ ತೋರಿಸಿ ಸಂಗಾತಿಯನ್ನು ಸಾಕುತ್ತೇನೆಂದು ಬರೆದುಕೊಡುವುದು. ವಿಚ್ಛೇದನವಾದರೂ ಈ ಹೊಣೆ ಮುಗಿಯುವುದಿಲ್ಲ. ಸಂಗಾತಿ ಪ್ರಜೆಯಾಗುವವರೆಗೆ ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಬೆನ್ನು ಬಿಡದು. ಆದಾಯ ಸಾಲದೆ ಮಾವನೋ ಸ್ನೇಹಿತನೋ ಜಂಟಿಯಾಗಿ ಸಹಿ ಹಾಕಿದರೆ ಅವರಿಗೂ ಇದೇ ಹೊಣೆ. ಸಹಿ ಕೇಳಲು ಬಂದವರಿಗೆ ಕಾಫಿ ಕೊಟ್ಟು ಇಷ್ಟನ್ನು ಹೇಳಿಬಿಡಿ.

ಮದುವೆಗೆ ಮುಂಚೆಯೇ ಕರೆಸಿಕೊಳ್ಳುವ ಕೆ-1 ವೀಸಾ ಕೂಡ ಪ್ರಜೆಗಳಿಗೆ ಮಾತ್ರ. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಇಬ್ಬರೂ ಮುಖತಃ ಭೇಟಿಯಾಗಿರಬೇಕು, ಬಂದ 90 ದಿನದೊಳಗೆ ಮದುವೆಯಾಗಬೇಕು. ಮದುವೆಗೆ ಮುಂಚೆ ಹುಡುಗ ಹುಡುಗಿ ನೋಡಬಾರದೆಂಬ ಕಟ್ಟುನಿಟ್ಟಿನ ಸಂಪ್ರದಾಯ ಇದ್ದರೆ ಭೇಟಿಯ ನಿಯಮಕ್ಕೆ ವಿನಾಯಿತಿ ಇದೆ. ಉಪ್ಪಿಟ್ಟು-ಕೇಸರಿಭಾತಿನ ಹುಡುಗಿ ನೋಡುವ ಶಾಸ್ತ್ರ ನಡೆಸುವ ನಮ್ಮವರು ಅದನ್ನು ಕೇಳದಿರುವುದೇ ಮರ್ಯಾದೆ! ಒಬ್ಬರ ಹೆಸರಿನಲ್ಲಿ ಕೆ-1ರಲ್ಲಿ ಬಂದು ಇನ್ನೊಬ್ಬರನ್ನು ಮದುವೆಯಾದರೆ ಇಲ್ಲೇ ಗ್ರೀನ್ ಕಾರ್ಡ್ ಪಡೆಯುವಂತಿಲ್ಲ.

ಪ್ರಜೆಯಲ್ಲದೆ ಗ್ರೀನ್ ಕಾರ್ಡ್ ಮಾತ್ರ ಇರುವವರು ಸಂಗಾತಿಯನ್ನು ಕರೆಸುವುದು ಎಫ್2ಎ ವರ್ಗದಲ್ಲಿ. ಅಲ್ಲಿ ಸಾಲು ಇದೆ. ಅರ್ಜಿದಾರರು ಪ್ರಜೆಯಾದರೆ ಸಂಗಾತಿ ಸಾಲಿನಿಂದ ಹೊರಬರುತ್ತಾರೆ, ಆದರೆ ಅದೇ ಅರ್ಜಿಯಲ್ಲಿ ಸೇರಿದ್ದ ಮಕ್ಕಳಿಗೆ ಬೇರೆಬೇರೆ ಐ-130 ಹಾಕಬೇಕು. ಇದು ಅನೇಕರಿಗೆ ತಿಳಿದಿಲ್ಲ.

ಹುಟ್ಟಿದ ಊರಿನ ಮಹಿಮೆ

ಇಬ್ಬರೂ ಪ್ರಜೆಗಳಲ್ಲ, ಕೆಲಸದ ಮೂಲಕ ಗ್ರೀನ್ ಕಾರ್ಡ್ ಸಾಲಿನಲ್ಲಿದ್ದಾರೆ ಎನ್ನಿ. ನಮ್ಮವರು ಹೆಚ್ಚಾಗಿ ಗಮನಿಸದೆ ಬಿಡುವ ವಿಷಯ ಇಲ್ಲಿದೆ. ಈ ಸಾಲು ಪಾಸ್‌ಪೋರ್ಟ್ ನೋಡಿ ಮಾಡಿದ್ದಲ್ಲ, ಹುಟ್ಟಿದ ದೇಶ ನೋಡಿ ಮಾಡಿದ್ದು. ಯಾವ ದೇಶಕ್ಕೂ ಒಟ್ಟು ಸಂಖ್ಯೆಯ 7 ಪ್ರತಿಶತಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯಿಂದ ಭಾರತದಲ್ಲಿ ಹುಟ್ಟಿದವರ ಸಾಲು ಹನುಮಂತನ ಬಾಲವಾಗಿದೆ. 2025ರ ಅಕ್ಟೋಬರ್‌ನ ವೀಸಾ ಬುಲೆಟಿನ್ ತೆಗೆದು ನೋಡಿ. ಇಬಿ-2 ವರ್ಗದಲ್ಲಿ ಭಾರತದವರ ದಿನಾಂಕ 2013ರ ಏಪ್ರಿಲ್ 1. ಹೆಚ್ಚಿನ ಇತರ ದೇಶಗಳಿಗೆ 2023ರ ಡಿಸೆಂಬರ್ 1. ಹತ್ತು ವರ್ಷಕ್ಕೂ ಮಿಕ್ಕಿದ ವ್ಯತ್ಯಾಸ!

ಆದರೆ ಕಾನೂನಿನಲ್ಲೇ ಒಂದು ಕಿಟಕಿ ಇದೆ. ಪತಿ-ಪತ್ನಿ ಒಟ್ಟಿಗೆ ಗ್ರೀನ್ ಕಾರ್ಡ್ ಪಡೆಯುವಾಗ ಒಬ್ಬರು ಇನ್ನೊಬ್ಬರ ಹುಟ್ಟಿದ ದೇಶದ ಲೆಕ್ಕಕ್ಕೆ ಸೇರಬಹುದು. ಕುಟುಂಬ ಬೇರೆಯಾಗಬಾರದೆಂದು ಮಾಡಿದ ನಿಯಮ ಇದು, ಇಂಗ್ಲಿಷಿನಲ್ಲಿ ಕ್ರಾಸ್ ಚಾರ್ಜಬಿಲಿಟಿ ಅನ್ನುತ್ತಾರೆ. ಒಂದು ಉದಾಹರಣೆ ಇಟ್ಟುಕೊಳ್ಳಿ. ಗಂಡ ದಾವಣಗೆರೆಯಲ್ಲಿ ಹುಟ್ಟಿದವನು, 2020ರ ಇಬಿ-2 ಅರ್ಜಿ. ಭಾರತದ ಸಾಲಿನಲ್ಲಿ ಅವನ ಸರದಿ ಯಾವಾಗಲೋ ದೇವರೇ ಬಲ್ಲ. ಹೆಂಡತಿ ದುಬೈನಲ್ಲಿ ಹುಟ್ಟಿದ ಮಂಗಳೂರಿನವಳು. ಪಾಸ್‌ಪೋರ್ಟ್ ಭಾರತದ್ದೇ, ಮನೆಮಾತು ತುಳುವೇ, ಆದರೂ ವಲಸೆ ಲೆಕ್ಕಕ್ಕೆ ಅವಳು ಸಂಯುಕ್ತ ಅರಬ್ ಸಂಸ್ಥಾನದವಳು. ಅವಳ ಲೆಕ್ಕದಲ್ಲಿ ಹೋದರೆ ಆ ಅಕ್ಟೋಬರ್‌ನಲ್ಲೇ ಇಬ್ಬರ ಸರದಿಯೂ ಬಂದಿರುತ್ತಿತ್ತು. ಕೊಲ್ಲಿ ದೇಶಗಳಲ್ಲಿ, ನೈಜೀರಿಯದಲ್ಲಿ, ಇಂಗ್ಲೆಂಡಿನಲ್ಲಿ ಅಪ್ಪ-ಅಮ್ಮ ಕೆಲಸದಲ್ಲಿದ್ದಾಗ ಹುಟ್ಟಿದ ಕನ್ನಡದ ಮಕ್ಕಳು ಎಷ್ಟು ಜನ ಇದ್ದಾರೆ ಯೋಚಿಸಿ.

ಷರತ್ತುಗಳನ್ನೂ ಹೇಳಿಬಿಡುತ್ತೇವೆ. ಮುಖ್ಯ ಅರ್ಜಿದಾರರಿಗೆ ಗ್ರೀನ್ ಕಾರ್ಡ್ ಸಿಗುವ ಮೊದಲೇ ಮದುವೆಯಾಗಿರಬೇಕು. ಇಬ್ಬರ ಅರ್ಜಿಯೂ ಒಟ್ಟಿಗೆ ಇತ್ಯರ್ಥವಾಗಬೇಕು. ಮಕ್ಕಳು ಅಪ್ಪ-ಅಮ್ಮನ ದೇಶ ಬಳಸಬಹುದು, ಅಪ್ಪ-ಅಮ್ಮ ಮಕ್ಕಳದ್ದನ್ನು ಬಳಸುವಂತಿಲ್ಲ. ನಾರ್ತ್‌ರಿಡ್ಜ್ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನಿಂದ ಸಾಲು ತಪ್ಪುವುದಿಲ್ಲ. ಅಧಿಕಾರಿ ತಾನಾಗಿ ಇದನ್ನು ಗಮನಿಸುತ್ತಾರೆಂದು ನಂಬಬೇಡಿ. ಅರ್ಜಿಯ ಮೇಲಿನ ಪತ್ರದಲ್ಲೇ ಸ್ಪಷ್ಟವಾಗಿ ಬರೆದು, ಸಂಗಾತಿಯ ಜನನ ಪ್ರಮಾಣಪತ್ರ ಲಗತ್ತಿಸಿ.

ಪಾಸ್‌ಪೋರ್ಟ್ ನೋಡುವ ವೀಸಾಗಳು

ತಾತ್ಕಾಲಿಕ ವೀಸಾಗಳಲ್ಲಿ ಲೆಕ್ಕ ತಿರುಗುಮುರುಗು, ಇಲ್ಲಿ ಪಾಸ್‌ಪೋರ್ಟೇ ಮುಖ್ಯ. ಹೂಡಿಕೆದಾರರ ಇ-2 ವೀಸಾ ಭಾರತೀಯ ಪ್ರಜೆಗಳಿಗೆ ಇಲ್ಲ, ಏಕೆಂದರೆ ಅಂಥ ಒಪ್ಪಂದವೇ ಇಲ್ಲ. ಆದರೆ ಜಪಾನ್, ಮೆಕ್ಸಿಕೋ, ಕೆನಡಾ, ಫಿಲಿಪೀನ್ಸ್, ಜರ್ಮನಿಯವರಿಗೆ ಇದೆ. ಹೆಂಡತಿ ಇ-2ರಲ್ಲಿ ಬಂದರೆ ಭಾರತೀಯ ಪಾಸ್‌ಪೋರ್ಟಿನ ಗಂಡ ಅವಲಂಬಿತನಾಗಿ ಬರಬಹುದು, ಅಷ್ಟೇ ಅಲ್ಲ, ಬೇರೆ ಅನುಮತಿ ಕೇಳದೆ ಕೆಲಸವನ್ನೂ ಮಾಡಬಹುದು. ಆಸ್ಟ್ರೇಲಿಯದವರ ಇ-3 ವೀಸಾದ ಸಂಗಾತಿಗೂ ಹಾಗೆಯೇ. ಕೆನಡಾ-ಮೆಕ್ಸಿಕೋದವರ ಟಿಎನ್ ವೀಸಾ ಸುಲಭ, ಆದರೆ ಸಂಗಾತಿಯ ಟಿಡಿಯಲ್ಲಿ ಕೆಲಸ ಮಾಡುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂಬ ಘೋಷಣೆ ಹೊರಟ ಮೇಲೆ, "ನಿನ್ನ ಪಾಸ್‌ಪೋರ್ಟಿನಲ್ಲೇ ಏನಾದರೂ ಆಗುತ್ತಾ ನೋಡು" ಎಂಬ ಮಾತು ಹಲವು ಮನೆಗಳಲ್ಲಿ ಶುರುವಾಯಿತು.

ಎಚ್-4ನವರಿಗೆ ಎರಡು ಮಾತು. ಸಂಗಾತಿಯ ಐ-140 ಮಂಜೂರಾಗಿದ್ದರೆ ಕೆಲಸದ ಅನುಮತಿ ಕೊಡುವ 2015ರ ನಿಯಮವನ್ನು ಪ್ರಶ್ನಿಸಿದ್ದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕೈಗೆತ್ತಿಕೊಳ್ಳಲಿಲ್ಲ, ನಿಯಮ ಉಳಿಯಿತು. ಆದರೆ ಅದೇ ತಿಂಗಳ 30ರಿಂದ ಸಲ್ಲಿಸಿದ ನವೀಕರಣಗಳಿಗೆ ತಾನಾಗಿ ಸಿಗುತ್ತಿದ್ದ ವಿಸ್ತರಣೆ ನಿಂತಿತು. ಹಳೆಯ ಕಾರ್ಡ್ ಮುಗಿಯುವುದರೊಳಗೆ ಹೊಸದು ಬರದಿದ್ದರೆ ಕೆಲಸ ನಿಲ್ಲಿಸಬೇಕು.

ಮುದ್ರೆ ಒತ್ತಿಸುವ ವಿಷಯ ಕೂಡ ಬದಲಾಗಿದೆ. ಸ್ಯಾನ್ ಡಿಯಾಗೊದವರು ಬೆಳಿಗ್ಗೆ ಗಡಿ ದಾಟಿ ಟಿಹುವಾನಾದಲ್ಲಿ ವೀಸಾ ಪಡೆಯುತ್ತಿದ್ದ ಕಾಲವಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಸೂಚನೆಯಂತೆ ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಸಂದರ್ಶನ ಕೊಡಬೇಕು. ಇಲ್ಲಿ ನೆಲೆಸಿದ ಬೇರೆಬೇರೆ ದೇಶದ ದಂಪತಿಗಳಿಗೆ ಇದು ನಿಜವಾದ ಫಜೀತಿ. ಒಬ್ಬರು ಚೆನ್ನೈಗೆ, ಇನ್ನೊಬ್ಬರು ಮನಿಲಾಗೆ! ಒಬ್ಬರದ್ದು ತಡವಾದರೆ ಮಗು ಯಾರ ಜೊತೆ ಎಂಬುದನ್ನು ಮೊದಲೇ ತೀರ್ಮಾನಿಸಿ. 2025ರ ಜೂನ್‌ನಲ್ಲಿ 12 ದೇಶಗಳ ಪ್ರಜೆಗಳ ಪ್ರವೇಶ ತಡೆದು, 7 ದೇಶಗಳಿಗೆ ಭಾಗಶಃ ನಿರ್ಬಂಧ ಹಾಕಿದ ಘೋಷಣೆಯ ಪಟ್ಟಿ ಆಮೇಲೆ ಬೆಳೆದಿದೆ. ಸಂಗಾತಿಯ ದೇಶ ಅದರಲ್ಲಿದೆಯೇ ಎಂದು ಟಿಕೆಟ್ ಕೊಳ್ಳುವ ಮುನ್ನ ನೋಡಿ.

ಊರಿಗೆ ಮರಳುವುದಾದರೆ, ಅಥವಾ ಮೂರನೆಯ ದೇಶಕ್ಕೆ

ಭಾರತದ ಪ್ರಜೆಯ ಅಥವಾ ಒಸಿಐ ಇರುವವರ ವಿದೇಶಿ ಸಂಗಾತಿಗೆ ಒಸಿಐ ಸಿಗಬೇಕಾದರೆ ಮದುವೆ ನೋಂದಣಿಯಾಗಿ, ಅರ್ಜಿಗೆ ಹಿಂದಿನ ಎರಡು ವರ್ಷ ಎಡೆಬಿಡದೆ ಉಳಿದಿರಬೇಕು. ಅಲ್ಲಿಯವರೆಗೆ ಎಂಟ್ರಿ ವೀಸಾ. ಸಂಗಾತಿಯೋ ಅವರ ಹಿರಿಯರೋ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದರೆ ಒಸಿಐ ಇಲ್ಲ. ಮದುವೆ ಮುರಿದರೆ ಈ ಒಸಿಐ ರದ್ದಾಗುತ್ತದೆ. ಸಲಿಂಗ ದಂಪತಿಗಳಿಗೆ ಇಲ್ಲಿ 2013ರ ಜೂನ್‌ನಿಂದ ವಲಸೆ ಕಾನೂನಿನಲ್ಲಿ ಎಲ್ಲರಂತೆಯೇ ಹಕ್ಕಿದೆ. ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಅಂಥ ಮದುವೆಗೆ ಮಾನ್ಯತೆ ಕೊಡಲು ನಿರಾಕರಿಸಿದ್ದರಿಂದ ಊರಿನಲ್ಲಿ ಒಟ್ಟಿಗೆ ನೆಲೆಸುವ ದಾರಿ ಅವರಿಗೆ ಕಷ್ಟ.

ಮೂರನೆಯ ದೇಶಗಳ ಬಗ್ಗೆ ಚುಟುಕಾಗಿ: ಬ್ರಿಟನ್ನಿನಲ್ಲಿ ಸಂಗಾತಿಯನ್ನು ಕರೆಸುವವರ ವಾರ್ಷಿಕ ಆದಾಯದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 18,600 ಪೌಂಡಿನಿಂದ 29,000ಕ್ಕೆ ಏರಿಸಿದರು. ಕೆನಡಾ 2025ರ ಜನವರಿಯಿಂದ ಸಂಗಾತಿಗಳ ಕೆಲಸದ ಪರವಾನಗಿಯನ್ನು ಬಿಗಿ ಮಾಡಿತು. ಆದರೂ ಅಲ್ಲಿ 12 ತಿಂಗಳು ಒಟ್ಟಿಗೆ ಬಾಳಿದವರನ್ನು ಮದುವೆಯಿಲ್ಲದೆಯೂ ಸಂಗಾತಿಗಳೆಂದು ಒಪ್ಪುತ್ತಾರೆ, ಖಾಯಂ ವಾಸದ ಅಂಕಗಳಲ್ಲಿ ಸಂಗಾತಿಯ ಓದು-ಭಾಷೆಯೂ ಸೇರುತ್ತದೆ. ಅಲ್ಲಿಯೂ ಇಬ್ಬರ ಅಂಕವನ್ನೂ ಲೆಕ್ಕಹಾಕಿ, ಹೆಚ್ಚು ಬರುವವರ ಹೆಸರನ್ನು ಮುಂದಿಡಿ.

ಕಾಗದ ಪತ್ರಗಳ ಗೋಳು

ನಮ್ಮ ಹೆಸರುಗಳೇ ಮೊದಲ ತೊಡಕು. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಮುಂದೆ, ಮನೆತನದ ಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಎಂದು ಬಂದುಬಿಡುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು! ಮದುವೆ ಲೈಸೆನ್ಸಿನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಷರ ಬರೆಸಿ. ಜನನ ಪ್ರಮಾಣಪತ್ರ ಇಲ್ಲದವರು, ಅಥವಾ ಅದರಲ್ಲಿ ಮಗುವಿನ ಹೆಸರೇ ಇಲ್ಲದವರು, ಊರಿನಲ್ಲಿ ಅಪ್ಪ-ಅಮ್ಮ ಇರುವಾಗಲೇ ಕರ್ನಾಟಕದ ಇ-ಜನ್ಮ ವ್ಯವಸ್ಥೆಯ ಮೂಲಕ ಸರಿಪಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪೂರಕ ಸಾಕ್ಷಿ ಮಾತ್ರ.

ಸಂದರ್ಶನಕ್ಕೆ ಆರುನೂರು ಜನ ಅಕ್ಷತೆ ಹಾಕಿದ ಆಲ್ಬಂ ಒಯ್ದರೆ ತಪ್ಪಿಲ್ಲ, ಆದರೆ ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆ, ತೆರಿಗೆ ಪತ್ರಗಳೇ ಹೆಚ್ಚು ತೂಗುತ್ತವೆ. ಅರ್ಜಿ ತುಂಬಿಸಿಕೊಡುತ್ತೇವೆಂಬ "ನೋಟರಿಯೋ" ಅಂಗಡಿಗಳಿಗೆ ಹೋಗಬೇಡಿ. ಇಲ್ಲಿ ನೋಟರಿ ಎಂದರೆ ವಕೀಲರಲ್ಲ. ಮನೆ ಬದಲಾಯಿಸಿದರೆ, ಪೋರ್ಟರ್ ರ್ಯಾಂಚಿನಿಂದ ಸ್ಯಾನ್ ಡಿಯಾಗೊಗೆ ಆಗಲಿ ಪಕ್ಕದ ಬೀದಿಗೆ ಆಗಲಿ, ಪ್ರಜೆಯಲ್ಲದವರು 10 ದಿನದೊಳಗೆ ಎಆರ್-11 ಸಲ್ಲಿಸಬೇಕು. ಐ-864ಕ್ಕೆ ಸಹಿ ಹಾಕಿದವರು ಪ್ರಜೆಯೇ ಆಗಿದ್ದರೂ 30 ದಿನದೊಳಗೆ ಐ-865ರಲ್ಲಿ ಹೊಸ ವಿಳಾಸ ತಿಳಿಸಬೇಕು.